ವಿದೇಶದಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣ ಪತ್ರಕ್ಕೆ ಅಟೆಸ್ಟೇಷನ್, ಆಮೇಲೆ ಪಾಸ್‌ಪೋರ್ಟ್: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಸಮಗ್ರ ಮಾರ್ಗದರ್ಶಿ

ಮಗು ಹುಟ್ಟಿದ್ದು ರಿಯಾದಿನಲ್ಲೋ ದುಬೈಯಲ್ಲೋ ಟೆಕ್ಸಾಸಿನಲ್ಲೋ; ಪಾಸ್‌ಪೋರ್ಟ್ ಬೇಕಾಗಿರುವುದು ಗಂಗಾವತಿಯಲ್ಲೋ ಮಾನ್ವಿಯಲ್ಲೋ ಕುಳಿತು. ಇಂಥ ಅರ್ಜಿಗಳು ಸಿಕ್ಕಿಬೀಳುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಅಲ್ಲಿನ ಕಾಗದಕ್ಕೆ ಬೇಕಾದ ಅಟೆಸ್ಟೇಷನ್, ಅಂದರೆ ದೃಢೀಕರಣದ ಮುದ್ರೆಯನ್ನು ಇಲ್ಲಿ ಹಾಕಿಸಲು ಓಡಾಡುವುದು ಒಂದು. ಮುದ್ರೆ ಬಿದ್ದ ಕೂಡಲೇ ಮಗು ಭಾರತದ ಪ್ರಜೆ ಎಂದು ಸಾಬೀತಾಯಿತು ಅಂದುಕೊಳ್ಳುವುದು ಇನ್ನೊಂದು. ಎರಡೂ ತಪ್ಪು. ಮುದ್ರೆ ಹೇಳುವುದು ಇಷ್ಟೇ: ಈ ಪ್ರಮಾಣ ಪತ್ರದ ಮೇಲಿನ ಸಹಿ, ಸೀಲು ಅಸಲಿ. ಪೌರತ್ವ ತೀರ್ಮಾನವಾಗುವುದು ಬೇರೆ ಕಾನೂನಿನಿಂದ, ಬೇರೆ ಕಚೇರಿಯಲ್ಲಿ.

ಬಳ್ಳಾರಿಯ ನೋಟರಿಯಾಗಲಿ, ಜಿಲ್ಲಾಧಿಕಾರಿ ಕಚೇರಿಯಾಗಲಿ, ಬೆಂಗಳೂರಿನಲ್ಲಿರುವ ವಿದೇಶಾಂಗ ಸಚಿವಾಲಯದ ಶಾಖೆಯಾಗಲಿ, ಸೌದಿಯ ಅಥವಾ ಅಮೆರಿಕದ ಅಧಿಕಾರಿಯ ಸಹಿ ನಿಜವೆಂದು ದೃಢೀಕರಿಸಲಾರವು. ಆ ಸಹಿಯ ಮಾದರಿಯೇ ಅವರ ಬಳಿ ಇರುವುದಿಲ್ಲ. ನಮ್ಮ ಸಚಿವಾಲಯ 50 ರೂಪಾಯಿ ಶುಲ್ಕಕ್ಕೆ ಹಾಕುವ ಅಪೋಸ್ಟಿಲ್ (ಒಪ್ಪಂದದ ದೇಶಗಳ ನಡುವೆ ನಡೆಯುವ ದೃಢೀಕರಣ ಮುದ್ರೆ) ಭಾರತದಲ್ಲಿ ಕೊಟ್ಟ ದಾಖಲೆ ಹೊರದೇಶದಲ್ಲಿ ನಡೆಯಲೆಂದು ಇರುವಂಥದ್ದು. ಹೊರಗಿನಿಂದ ಬಂದ ಕಾಗದಕ್ಕೆ ಅದು ಆಗುವುದಿಲ್ಲ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಏಜೆಂಟರು "ಎಲ್ಲಾ ಇಲ್ಲೇ ಮಾಡಿಸಿ ಕೊಡ್ತೀವಿ" ಎಂದರೆ ಒಂದೇ ಪ್ರಶ್ನೆ ಕೇಳಿ: ಈ ಕಾಗದ ಕೊಟ್ಟ ದೇಶದಲ್ಲಿ ಯಾರು, ಯಾವ ಕಚೇರಿಯಲ್ಲಿ ಮುದ್ರೆ ಹಾಕಿಸುತ್ತಾರೆ? ಅದಕ್ಕೆ ನೇರ ಉತ್ತರ ಬರದಿದ್ದರೆ ಮೂಲ ಪ್ರತಿಯನ್ನು ಅವರ ಕೈಗೆ ಕೊಡಬೇಡಿ.

ಮೊದಲು ಪೌರತ್ವದ ಲೆಕ್ಕ

1955ರ ಪೌರತ್ವ ಕಾಯ್ದೆಯ 4ನೇ ಕಲಮು ಇಲ್ಲಿ ಆಧಾರ. 2004ರ ಡಿಸೆಂಬರ್ 3 ಅಥವಾ ಆಮೇಲೆ ಹೊರದೇಶದಲ್ಲಿ ಹುಟ್ಟಿದ ಮಗು, ತಂದೆ ತಾಯಿ ಇಬ್ಬರೂ ಭಾರತೀಯರಾಗಿದ್ದರೂ, ತಾನೇ ತಾನಾಗಿ ಭಾರತದ ಪ್ರಜೆ ಆಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಆ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಜನನವನ್ನು ನೋಂದಾಯಿಸಿರಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆ ತಾಯಿ ಘೋಷಣೆ ಕೊಟ್ಟಿರಬೇಕು. ವರ್ಷ ದಾಟಿದ್ದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅದನ್ನು ಕೊಡುವುದು ಗೃಹ ಸಚಿವಾಲಯ.

ನಿಮ್ಮ ಮಗು ಭಾರತಕ್ಕೆ ಬಂದದ್ದು ಯಾವ ಪ್ರಯಾಣ ದಾಖಲೆಯ ಮೇಲೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ರಾಯಭಾರ ಕಚೇರಿ ಕೊಟ್ಟ ಭಾರತೀಯ ಪಾಸ್‌ಪೋರ್ಟ್ ಮೇಲೆ ಬಂದಿದ್ದರೆ ಕೆಲಸ ಹಗುರ. ನಿಮಗೆ ಬೇಕಾದದ್ದು ರೀಇಷ್ಯೂ, ಅಂದರೆ ಹಳೆಯ ಪಾಸ್‌ಪೋರ್ಟಿನ ಬದಲಿಗೆ ಮತ್ತೊಂದು. ಜನನ ನೋಂದಣಿ ಮಾಡಿಕೊಂಡಾಗ ಅವರು ಕೊಟ್ಟ ಪ್ರಮಾಣ ಪತ್ರ ನಿಮ್ಮಲ್ಲಿ ಇರಬೇಕು. ಅದು ಭಾರತದ ಅಧಿಕಾರಿಯೇ ಕೊಟ್ಟ ದಾಖಲೆಯಾದ್ದರಿಂದ ಅದಕ್ಕೆ ಅಪೋಸ್ಟಿಲ್ ಬೇಕಿಲ್ಲ. ಅಲ್ಲಿನ ಸ್ಥಳೀಯ ಜನನ ಪ್ರಮಾಣ ಪತ್ರಕ್ಕೆ ಮುದ್ರೆ ಬೇಕಾಗುವುದು ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ತಿದ್ದಿಸುವಾಗ.

ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಬಂದಿದ್ದರೆ ಆ ಕಾಗದದ ಪ್ರತಿಯನ್ನೂ ನೋಂದಣಿಯ ಪುರಾವೆಯನ್ನೂ ಹುಡುಕಿಡಿ. ಅದು ಒಂದು ಸಲದ ಪ್ರಯಾಣಕ್ಕೆ ಮಾತ್ರ, ಪಾಸ್‌ಪೋರ್ಟಿಗೆ ಸಮ ಅಲ್ಲ. ನೋಂದಣಿ ಆಗಿಲ್ಲದಿದ್ದರೆ ಮೊದಲು ಅದೇ ಆಗಬೇಕು.

ಅಮೆರಿಕ ಅಥವಾ ಕೆನಡಾದ ಪಾಸ್‌ಪೋರ್ಟ್ ಮೇಲೆ ಬಂದಿದ್ದರೆ ಭಾರತೀಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಲೇಬೇಡಿ. ಆ ಎರಡೂ ದೇಶಗಳಲ್ಲಿ ಹುಟ್ಟಿದ ಮಗುವಿಗೆ ಅಲ್ಲಿಯ ಪೌರತ್ವ ಹುಟ್ಟಿನಿಂದಲೇ ಬರುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅಂಥ ಮಗುವಿಗಿರುವ ದಾರಿ ಓಸಿಐ ಕಾರ್ಡ್, ಅಂದರೆ ಭಾರತದ ನಂಟಿರುವ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್. ತಂದೆ ತಾಯಿ ಇನ್ನೂ ಭಾರತೀಯರಾಗಿದ್ದು ಮಗುವನ್ನು ಭಾರತದ ಪ್ರಜೆ ಮಾಡಲೇಬೇಕೆಂದಿದ್ದರೆ 5(1)(ಡಿ) ಕಲಮಿನಡಿ ಗೃಹ ಸಚಿವಾಲಯದ ಪೌರತ್ವ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಹೋಗಬೇಕು. ಅದು ದೀರ್ಘ ದಾರಿ. ಕೊಲ್ಲಿ ದೇಶಗಳಲ್ಲಿ ಈ ತೊಡಕಿಲ್ಲ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಭಾರತೀಯರ ಮಗುವಿಗೆ ಪೌರತ್ವ ಸಿಗುವುದಿಲ್ಲ.

ತಡ ನೋಂದಣಿಗೆ ಗೃಹ ಸಚಿವಾಲಯದ ಅದೇ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಮಗು ಹುಟ್ಟಿದ ಊರು ಯಾವ ಭಾರತೀಯ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ ಕಾಗದ ಸಲ್ಲಿಸಬೇಕು. ಜಿದ್ದಾದಲ್ಲಿ ಹುಟ್ಟಿದ್ದರೆ ಜಿದ್ದಾ ಕಾನ್ಸುಲೇಟ್, ರಿಯಾದ್ ಆದರೆ ರಾಯಭಾರ ಕಚೇರಿ. ದುಬೈ, ಶಾರ್ಜಾ ಆದರೆ ದುಬೈ ಕಾನ್ಸುಲೇಟ್, ಅಬುಧಾಬಿ ಆದರೆ ಅಲ್ಲಿಯ ರಾಯಭಾರ ಕಚೇರಿ. ಜೊತೆಗೆ ಮಗುವಿನ ಜನನ ಪ್ರಮಾಣ ಪತ್ರ, ಹುಟ್ಟಿದ ಸಮಯದಲ್ಲಿ ತಂದೆ ತಾಯಿಗಿದ್ದ ಪಾಸ್‌ಪೋರ್ಟ್, ಮದುವೆ ಪ್ರಮಾಣ ಪತ್ರ, ಬೇರೆ ಪಾಸ್‌ಪೋರ್ಟ್ ಇಲ್ಲವೆಂಬ ಅಫಿಡವಿಟ್, ತಡವಾದದ್ದಕ್ಕೆ ಕಾರಣದ ಪತ್ರ. ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ತಿಂಗಳುಗಟ್ಟಲೆ ಹಿಡಿಯಬಹುದು, ಅದಕ್ಕೆ ಮನಸ್ಸು ಸಿದ್ಧ ಇರಲಿ. ಹಳೆಯ ಪಾಸ್‌ಪೋರ್ಟುಗಳನ್ನು ಅವಧಿ ಮುಗಿಯಿತೆಂದು ಬಿಸಾಡುವವರಿದ್ದಾರೆ. ಮಗು ಹುಟ್ಟಿದ ದಿನ ನೀವು ಭಾರತೀಯರಾಗಿದ್ದಿರಿ ಎಂಬುದಕ್ಕೆ ಅದೇ ಪುರಾವೆ, ಜೋಪಾನ ಮಾಡಿ.

ಮುದ್ರೆ: ಯಾವ ದೇಶಕ್ಕೆ ಯಾವ ದಾರಿ

1961ರ ಅಕ್ಟೋಬರ್ 5ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಒಂದೇ ಮುದ್ರೆ ಸಾಕು, ಅದೇ ಅಪೋಸ್ಟಿಲ್. ಭಾರತಕ್ಕೆ ಈ ಒಪ್ಪಂದ ಜಾರಿಗೆ ಬಂದದ್ದು 2005ರ ಜುಲೈ 14ರಂದು. ಒಮಾನ್ 2012ರಲ್ಲಿ, ಬಹರೇನ್ 2013ರ ಕೊನೆಯಲ್ಲಿ, ಸೌದಿ ಅರೇಬಿಯಾ 2022ರ ಡಿಸೆಂಬರ್ 7ರಂದು, ಕೆನಡಾ 2024ರ ಜನವರಿ 11ರಂದು ಸೇರಿವೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಹಿಂದಿನಿಂದಲೂ ಇವೆ, ಸಿಂಗಪುರ 2021ರಿಂದ. ಸೌದಿಯ ವಿಷಯದಲ್ಲಿ ನಮ್ಮ ಭಾಗದ ಹಲವರಿಗೆ ಇನ್ನೂ ಹಳೆಯ ಪದ್ಧತಿಯೇ ತಲೆಯಲ್ಲಿದೆ. ಈಗ ಅಲ್ಲಿಯ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಆದರೆ ಮುಗಿಯಿತು, ಮೇಲೆ ಭಾರತೀಯ ರಾಯಭಾರ ಕಚೇರಿಯ ಮುದ್ರೆ ಬೇಕಿಲ್ಲ.

ಯುಎಇ, ಕುವೈತ್, ಕತಾರ್ ಒಪ್ಪಂದದಲ್ಲಿಲ್ಲ. ಅಲ್ಲಿ ಮೂರು ಮೆಟ್ಟಿಲು: ಆರೋಗ್ಯ ಸಚಿವಾಲಯ ಕೊಟ್ಟ ಜನನ ಪ್ರಮಾಣ ಪತ್ರ, ಅದರ ಮೇಲೆ ವಿದೇಶಾಂಗ ಸಚಿವಾಲಯದ, ಎಲ್ಲರೂ ಮೋಫಾ ಎನ್ನುವ, ಅಟೆಸ್ಟೇಷನ್, ಆಮೇಲೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯದ್ದು. ಸರಣಿ ತಪ್ಪಬಾರದು. ಮೋಫಾ ಮುದ್ರೆ ಇಲ್ಲದೆ ರಾಯಭಾರ ಕಚೇರಿ ಕಾಗದ ಮುಟ್ಟುವುದಿಲ್ಲ. ಯುಎಇಯಲ್ಲಿ ಮೋಫಾ ಶುಲ್ಕ ಒಂದು ದಾಖಲೆಗೆ 150 ದಿರ್ಹಮ್, ಅರ್ಜಿ ಆನ್‌ಲೈನಿನಲ್ಲೇ. ಅಲ್ಲಿ ಅರಬ್ಬಿ ಪ್ರತಿಯೂ ಇಂಗ್ಲಿಷ್ ಪ್ರತಿಯೂ ಸಿಗುತ್ತವೆ. ಇಂಗ್ಲಿಷ್ ಪ್ರತಿಯನ್ನೇ ತೆಗೆದುಕೊಂಡು ಅದಕ್ಕೆ ಮುದ್ರೆ ಹಾಕಿಸಿದರೆ ಅನುವಾದದ ಖರ್ಚು ಉಳಿಯುತ್ತದೆ.

ಜರ್ಮನಿಯದ್ದು ಬೇರೆ ಲೆಕ್ಕ. ಅದು ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಹಾಕಿದ್ದರಿಂದ ಎರಡು ದೇಶಗಳ ನಡುವೆ ಅಪೋಸ್ಟಿಲ್ ನಡೆಯುವುದಿಲ್ಲ. ಅಲ್ಲಿಯ ಅಧಿಕಾರಿಗಳ ದೃಢೀಕರಣ, ಮೇಲೆ ಭಾರತೀಯ ಕಾನ್ಸುಲೇಟಿನ ಮುದ್ರೆ, ಹಳೆಯ ಪದ್ಧತಿಯೇ.

ಅಮೆರಿಕದಲ್ಲಿ ಮುದ್ರೆ ಹಾಕುವುದು ಕೇಂದ್ರ ಸರ್ಕಾರವಲ್ಲ, ಮಗು ಹುಟ್ಟಿದ ರಾಜ್ಯ, ಸಾಮಾನ್ಯವಾಗಿ ಅದರ ಸೆಕ್ರೆಟರಿ ಆಫ್ ಸ್ಟೇಟ್. ನ್ಯೂಜೆರ್ಸಿಯಲ್ಲಿ ಹುಟ್ಟಿದ ಮಗುವಿನ ಕಾಗದವನ್ನು ಈಗ ನೀವಿರುವ ಟೆಕ್ಸಾಸಿನ ಕಚೇರಿಗೆ ಕಳಿಸಿದರೆ ಹಾಗೇ ವಾಪಸ್ ಬರುತ್ತದೆ. ಆಸ್ಪತ್ರೆಯವರು ಪುಟ್ಟ ಪಾದದ ಗುರುತು ಒತ್ತಿ ಕೊಡುವ ಚೆಂದದ ಕಾಗದ ನೆನಪಿಗೆ ಇಟ್ಟುಕೊಳ್ಳಲು ಮಾತ್ರ. ರಾಜ್ಯದ ಜನನ ದಾಖಲೆ ಕಚೇರಿ ಕೊಟ್ಟ, ತಂದೆ ತಾಯಿಯ ಹೆಸರಿರುವ ಪೂರ್ಣ ದೃಢೀಕೃತ ಪ್ರತಿಯೇ ಬೇಕು. ನ್ಯೂಯಾರ್ಕ್ ನಗರದ್ದಾದರೆ ನಡುವೆ ಕೌಂಟಿ ಕ್ಲರ್ಕಿನ ದೃಢೀಕರಣ ಎಂಬ ಇನ್ನೊಂದು ಮೆಟ್ಟಿಲಿದೆ. ಬ್ರಿಟನ್ನಿನಲ್ಲೂ ಹೀಗೆಯೇ: ಚಿಕ್ಕ ಪ್ರಮಾಣ ಪತ್ರದಲ್ಲಿ ತಂದೆ ತಾಯಿಯ ವಿವರ ಇರುವುದಿಲ್ಲ, ಆದ್ದರಿಂದ ಪೂರ್ಣ ಪ್ರಮಾಣ ಪತ್ರ ತರಿಸಿ.

ಅಪೋಸ್ಟಿಲ್ ಕೈಗೆ ಬಂದಾಗ ಓದಿ ನೋಡಿ. ಮೇಲ್ಭಾಗದಲ್ಲಿ ಫ್ರೆಂಚ್ ಭಾಷೆಯ ಶೀರ್ಷಿಕೆ, ಕೆಳಗೆ 1ರಿಂದ 10ರವರೆಗೆ ಅಂಕಿ ಹಾಕಿದ ಸಾಲುಗಳು. ಯಾವ ದೇಶದ್ದಾದರೂ ಇದೇ ಅಚ್ಚು. 2ನೇ ಸಾಲಿನಲ್ಲಿರುವ ಹೆಸರು ನಿಮ್ಮ ಜನನ ಪ್ರಮಾಣ ಪತ್ರಕ್ಕೆ ಸಹಿ ಹಾಕಿದ ಅಧಿಕಾರಿಯದ್ದೇ ಆಗಿರಬೇಕು. ಅಲ್ಲಿ ನೋಟರಿಯ ಹೆಸರಿದ್ದರೆ ಮುದ್ರೆ ಬಿದ್ದಿರುವುದು ಝೆರಾಕ್ಸ್ ಪ್ರತಿಯ ಮೇಲಿನ ನೋಟರಿ ಸಹಿಗೆ, ಜನನ ಪ್ರಮಾಣ ಪತ್ರಕ್ಕಲ್ಲ. ಏಜೆಂಟರು ಬೇಗ ಮುಗಿಸಲು ಮಾಡುವ ಕೆಲಸ ಇದು, ಇದರ ಮೇಲೆ ಆಕ್ಷೇಪ ಬಂದೇ ಬರುತ್ತದೆ. 6ನೇ ಸಾಲು ದಿನಾಂಕ, 8ನೇ ಸಾಲು ಸಂಖ್ಯೆ. ಬಹಳ ದೇಶಗಳು ಆ ಸಂಖ್ಯೆಯನ್ನು ಆನ್‌ಲೈನಿನಲ್ಲಿ ಪರೀಕ್ಷಿಸಲು ವ್ಯವಸ್ಥೆ ಮಾಡಿವೆ. ನೀವೇ ಒಮ್ಮೆ ಪರೀಕ್ಷಿಸಿ, ಆ ಪುಟದ ಪ್ರಿಂಟ್ ಇಟ್ಟುಕೊಳ್ಳಿ.

ಅಮೆರಿಕದ ಅಪೋಸ್ಟಿಲ್ ಸಾಮಾನ್ಯವಾಗಿ ಪ್ರತ್ಯೇಕ ಹಾಳೆ, ಜನನ ಪ್ರಮಾಣ ಪತ್ರಕ್ಕೆ ಪಿನ್ ಹೊಡೆದು ಸೇರಿಸಿರುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಹುಡುಗ ಮೊದಲು ಮಾಡುವ ಕೆಲಸವೇ ಆ ಪಿನ್ ಕೀಳುವುದು. ಬಿಡಬೇಡಿ. ಪಿನ್ ಕಿತ್ತು ಮತ್ತೆ ಹೊಡೆದ ಗುರುತು ಕಂಡರೆ ಹಾಳೆ ಬದಲಾಗಿರಬಹುದೆಂಬ ಅನುಮಾನ ಹುಟ್ಟುತ್ತದೆ, ಕಾಗದ ನಡೆಯದೆ ಹೋಗಬಹುದು. ಮೇಲಿನ ಹಾಳೆಯನ್ನು ಮಡಚಿ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಲ್ಯಾಮಿನೇಷನ್ ಮಾಡಿದ ಕಾಗದದ ಮೇಲೆ ಯಾವ ದೇಶದವರೂ ಮುದ್ರೆ ಒತ್ತುವುದಿಲ್ಲ, ಅಂಟಿಸಿದ ಸ್ಟಿಕರ್ ಬಿಸಿಗೆ ಹಾಳಾಗುತ್ತದೆ.

ಹೆಸರು, ತಾರೀಖು: ಮುದ್ರೆಗೆ ಮೊದಲೇ ನೋಡಿ

ಅತಿ ಹೆಚ್ಚು ತೊಂದರೆ ಇಲ್ಲೇ. ಅರಬ್ಬಿಯಲ್ಲಿ ಪ ಇಲ್ಲ, ವ ಇಲ್ಲ, ಗ ಕೂಡ ಊರಿಗೊಂದು ಥರ. ಅಪ್ಪನ ಹೆಸರು ಪಂಪಾಪತಿ ಇದ್ದರೆ ಅರಬ್ಬಿಗೆ ಹೋಗಿ ಇಂಗ್ಲಿಷಿಗೆ ಮರಳುವಷ್ಟರಲ್ಲಿ ಬಂಬಾಬಾತಿ ಆಗಿರುತ್ತದೆ, ವೀರೇಶ ಫೀರೇಶ ಆಗಿರುತ್ತಾನೆ, ಗೌಡ ಜೌಡ ಆಗಿರುತ್ತದೆ. ಗುಮಾಸ್ತ ಪಾಸ್‌ಪೋರ್ಟ್ ನೋಡಿ ಅಕ್ಷರ ಇಳಿಸಿಕೊಂಡಿದ್ದರೆ ಸರಿ; ಅರಬ್ಬಿ ಅರ್ಜಿ ನೋಡಿ ಬರೆದಿದ್ದರೆ ಹೀಗಾಗುತ್ತದೆ. ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ತಂದೆ ತಾಯಿ ಇಬ್ಬರ ಪಾಸ್‌ಪೋರ್ಟ್ ಪ್ರತಿ ಕೊಟ್ಟು, ಇಂಗ್ಲಿಷ್ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿಯೇ ಒಪ್ಪಿಕೊಳ್ಳಿ.

ರಾಯಚೂರಿನ ಕಡೆ ಇನ್ನೊಂದು ಸಾಮಾನ್ಯ ತಪ್ಪು: ಅಪ್ಪನ ಪಾಸ್‌ಪೋರ್ಟಿನಲ್ಲಿ ಎಂಡಿ ಎಂದು ಎರಡೇ ಅಕ್ಷರ, ಮಗುವಿನ ಪ್ರಮಾಣ ಪತ್ರದಲ್ಲಿ ಪೂರ್ತಿ ಮೊಹಮ್ಮದ್. ಕೌಂಟರಿನಲ್ಲಿ ಇವು ಎರಡು ಬೇರೆ ಹೆಸರು. ಇನಿಷಿಯಲ್‌ಗಳ ಕಥೆಯೂ ಇದೇ. ಅಪ್ಪನ ಪಾಸ್‌ಪೋರ್ಟನ್ನೇ ಮೊದಲು ಸರಿಪಡಿಸಿಕೊಂಡರೆ ಒಳ್ಳೆಯದೋ, ಮಗುವಿನದ್ದನ್ನೋ ಎಂದು ಕೇಳಿದರೆ, ಸಾಮಾನ್ಯವಾಗಿ ಅಪ್ಪನ ಹಾಲಿ ಪಾಸ್‌ಪೋರ್ಟಿನ ಹಾಗೆಯೇ ಮಗುವಿನ ಪ್ರಮಾಣ ಪತ್ರ ಇರುವುದು ಕ್ಷೇಮ.

ಸೌದಿಯ ಪ್ರಮಾಣ ಪತ್ರದಲ್ಲಿ ಹಿಜ್ರಿ, ಅಂದರೆ ಇಸ್ಲಾಮಿ ಪಂಚಾಂಗದ ತಾರೀಖೂ ಇರುತ್ತದೆ. ಹಿಜ್ರಿಯಿಂದ ಲೆಕ್ಕ ಹಾಕಿದಾಗ ಒಂದು ದಿನ ಹೆಚ್ಚುಕಡಿಮೆ ಬರುವುದುಂಟು, ಆದ್ದರಿಂದ ನಮ್ಮ ಕ್ಯಾಲೆಂಡರಿನ ತಾರೀಖು ಆಸ್ಪತ್ರೆಯ ಕಾಗದಕ್ಕೆ ಹೊಂದುತ್ತದೆಯೇ ನೋಡಿ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/06 ಎಂದರೆ ಅಲ್ಲಿ ಏಪ್ರಿಲ್ 6. ಫಾರಂ ತುಂಬುವ ಸೈಬರ್ ಸೆಂಟರಿನವರು ಜೂನ್ 4 ಎಂದು ಹೊಡೆಯುತ್ತಾರೆ.

ತಪ್ಪು ಕಂಡರೆ ತಿದ್ದಬೇಕಾದದ್ದು ಪ್ರಮಾಣ ಪತ್ರ ಕೊಟ್ಟ ಕಚೇರಿಯೇ. ಇಲ್ಲಿ ಬಾಂಡ್ ಪೇಪರಿನಲ್ಲಿ ಅಫಿಡವಿಟ್ ಮಾಡಿಸಿದರೆ ವಿದೇಶದ ದಾಖಲೆ ಬದಲಾಗುವುದಿಲ್ಲ. ತಿದ್ದಿದ ಮೇಲೆ ಬರುವುದು ಹೊಸ ಕಾಗದ, ಅದಕ್ಕೆ ಎಲ್ಲಾ ಮುದ್ರೆಗಳೂ ಹೊಸದಾಗಿ ಆಗಬೇಕು. ಪ್ರಮಾಣ ಪತ್ರ ಅರಬ್ಬಿಯಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದವನ್ನು ಅಲ್ಲಿಯ ಪರವಾನಗಿ ಪಡೆದ ಅನುವಾದಕರಿಂದಲೇ ಮಾಡಿಸಿ, ಅನುವಾದಕ್ಕೂ ಮುದ್ರೆ ಹಾಕಿಸಿ.

ಊರಿನಿಂದಲೇ ಮಾಡಿಸುವುದು

ನೀವು ವಾಪಸ್ ಬಂದಾಗಿದ್ದರೆ ಅಲ್ಲಿ ಇನ್ನೂ ಇರುವ ಅಣ್ಣ, ಮಾವ, ರೂಮ್‌ಮೇಟ್ ಯಾರಾದರೂ ನಂಬಿಕಸ್ಥರ ಕೈಯಲ್ಲಿ ಮಾಡಿಸಬಹುದು. ಅಧಿಕಾರ ಪತ್ರ, ನಿಮ್ಮ ಪಾಸ್‌ಪೋರ್ಟ್ ಪ್ರತಿ, ಮೂಲ ಜನನ ಪ್ರಮಾಣ ಪತ್ರ ಕೊರಿಯರ್ ಮಾಡಿ. ಮೂಲ ಕಳಿಸುವ ಮುಂಚೆ ಎರಡೂ ಬದಿ ಸ್ಕ್ಯಾನ್ ಆಗಿರಲಿ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಅಂಚೆಯಲ್ಲೇ ಕೆಲಸ ಆಗುತ್ತದೆ, ವಾಪಸ್ ಲಕೋಟೆ ಮತ್ತು ಅದರ ಶುಲ್ಕ ಮೊದಲೇ ಸೇರಿಸಿರಬೇಕು. ಹೊಸ ದೃಢೀಕೃತ ಪ್ರತಿಗಳನ್ನು ಎರಡು ತರಿಸಿ ಎರಡಕ್ಕೂ ಮುದ್ರೆ ಹಾಕಿಸುವುದು ಜಾಣತನ. ಒಂದು ಕಳೆದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುವುದಿಲ್ಲ.

ಮಗುವಿನೊಂದಿಗೆ ಇಲ್ಲೇ ನೆಲೆಸಲು ಬಂದವರಿಗೆ 1969ರ ಜನನ ಮರಣ ನೋಂದಣಿ ಕಾಯ್ದೆಯ 20(2)ನೇ ಕಲಮು ಒಂದು ಅವಕಾಶ ಕೊಟ್ಟಿದೆ; ಇದನ್ನು ಬಲ್ಲವರು ಕಡಿಮೆ. ರಾಯಭಾರ ಕಚೇರಿಯಲ್ಲಿ ನೋಂದಣಿ ಆಗಿರದಿದ್ದರೆ, ಮಗು ಭಾರತಕ್ಕೆ ಬಂದ 60 ದಿನದೊಳಗೆ ನಿಮ್ಮೂರಿನ ಜನನ ಮರಣ ನೋಂದಣಾಧಿಕಾರಿಯ ಬಳಿ ಜನನ ನೋಂದಾಯಿಸಬಹುದು. 60 ದಿನ ದಾಟಿದರೆ ತಡ ನೋಂದಣಿಯ ನಿಯಮ. ವರ್ಷ ಮೀರಿದ ಪ್ರಕರಣಗಳಲ್ಲಿ 2023ರ ತಿದ್ದುಪಡಿಯಾದ ಮೇಲೆ ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದಕ್ಕೂ ಮುದ್ರೆ ಬಿದ್ದ ವಿದೇಶಿ ಪ್ರಮಾಣ ಪತ್ರವೇ ಆಧಾರ. ಶಾಲೆಗೆ ಸೇರಿಸಲು ಇದು ಉಪಯೋಗಕ್ಕೆ ಬರುತ್ತದೆ. ಆದರೆ ಇದರಿಂದ ಪೌರತ್ವ ಬರುವುದಿಲ್ಲ. 4ನೇ ಕಲಮಿನ ನೋಂದಣಿಯ ಜಾಗವನ್ನು ಇದು ತುಂಬದು.

ಅರ್ಜಿ ಮತ್ತು ಕೌಂಟರು

ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಫಾರಂ ತುಂಬುವಾಗ ಮೂರು ಕಡೆ ಎಚ್ಚರ. ಹುಟ್ಟಿದ ಸ್ಥಳ ಭಾರತದ ಹೊರಗೆ ಎಂಬುದಕ್ಕೆ ಹೌದು ಎಂದು ಗುರುತು ಹಾಕಿ ದೇಶ ಆರಿಸಿ. ಪೌರತ್ವ ಹೇಗೆ ಬಂತು ಎಂಬ ಪ್ರಶ್ನೆಗೆ ಜನನದಿಂದ ಎಂದು ಒತ್ತಬೇಡಿ; ಈ ಮಕ್ಕಳದ್ದು ವಂಶದಿಂದ, ಫಾರಂನಲ್ಲಿ ಡಿಸೆಂಟ್ ಎಂದಿರುತ್ತದೆ. ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಬಂದಿದ್ದರೆ ಅದರ ಸಂಖ್ಯೆ, ದಿನಾಂಕ ಕೊಡಿ, ಮುಚ್ಚಿಡಬೇಡಿ. ಮಗು ಮೊದಲು ಪಾಸ್‌ಪೋರ್ಟ್ ಹೊಂದಿದ್ದರೆ ಅರ್ಜಿ ರೀಇಷ್ಯೂ, ಹೊಸದಲ್ಲ.

ಕರ್ನಾಟಕ ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಬಳ್ಳಾರಿ ಮತ್ತು ರಾಯಚೂರಿನಲ್ಲಿ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಕೊಪ್ಪಳದವರು ಅಪಾಯಿಂಟ್‌ಮೆಂಟ್ ಎಲ್ಲಿ ಬೇಗ ಸಿಗುತ್ತದೋ ನೋಡಿ. ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ರೈಲು ಸಲೀಸು. ವಿದೇಶದಲ್ಲಿ ಹುಟ್ಟಿದ ಮಗುವಿನ ಫೈಲು ಅಂಚೆ ಕಚೇರಿ ಕೇಂದ್ರದಲ್ಲಿ ತೀರ್ಮಾನವಾಗದೆ ಬೆಂಗಳೂರಿಗೆ ಹೋಗುವುದು ಸಹಜ, ಗಾಬರಿ ಬೇಡ. ಅಲ್ಲಿಂದ ಕರೆ ಬಂದರೆ ಕೋರಮಂಗಲ 8ನೇ ಬ್ಲಾಕಿನ 80 ಅಡಿ ರಸ್ತೆಯ ಕಚೇರಿಗೆ ಮೂಲ ಕಾಗದಗಳ ಸಮೇತ ಹೋಗಬೇಕು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇವೆ.

36 ಪುಟದ ಮಕ್ಕಳ ಪಾಸ್‌ಪೋರ್ಟಿಗೆ ಶುಲ್ಕ 1,000 ರೂಪಾಯಿ, 8 ವರ್ಷದೊಳಗಿನವರ ಹೊಸ ಅರ್ಜಿಗೆ ಶೇ. 10 ರಿಯಾಯಿತಿ. ತತ್ಕಾಲ್‌ಗೆ ಇನ್ನೂ 2,000. ದಾಖಲೆ ತೊಡಕಿರುವ ಫೈಲಿಗೆ ತತ್ಕಾಲ್ ದುಡ್ಡು ದಂಡ, ಅದರಿಂದ ಪರಿಶೀಲನೆ ಬೇಗ ಮುಗಿಯುವುದಿಲ್ಲ.

ತೆಗೆದುಕೊಂಡು ಹೋಗಬೇಕಾದ್ದು: ರಾಯಭಾರ ಕಚೇರಿಯ ಜನನ ನೋಂದಣಿ ಪ್ರಮಾಣ ಪತ್ರ, ಮುದ್ರೆ ಬಿದ್ದ ಮೂಲ ಜನನ ಪ್ರಮಾಣ ಪತ್ರ ಮತ್ತು ಅನುವಾದ, ಮಗುವಿನ ಹಳೆಯ ಪಾಸ್‌ಪೋರ್ಟ್, ತಂದೆ ತಾಯಿ ಇಬ್ಬರ ಮೂಲ ಪಾಸ್‌ಪೋರ್ಟ್, ವಿಳಾಸದ ಪುರಾವೆ, ಇಬ್ಬರೂ ಸಹಿ ಹಾಕಿದ ಅನುಬಂಧ ಡಿ. ಅನುಬಂಧ ಡಿ ಎಂದರೆ ಮಗುವಿನ ಪಾಸ್‌ಪೋರ್ಟಿಗೆ ತಂದೆ ತಾಯಿ ಕೊಡುವ ಒಪ್ಪಿಗೆಯ ಘೋಷಣೆ, ಬಿಳಿ ಹಾಳೆಯಲ್ಲಿ ಸಾಕು. ಅಪ್ಪ ಇನ್ನೂ ಕೊಲ್ಲಿಯಲ್ಲೇ ಇದ್ದರೆ ಅವರ ಒಪ್ಪಿಗೆಯ ಅಫಿಡವಿಟ್ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಣಗೊಂಡು ಬರಬೇಕು, ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನಡೆಯುವುದಿಲ್ಲ. ಒಬ್ಬರ ಒಪ್ಪಿಗೆ ಸಿಗುವ ಸ್ಥಿತಿಯೇ ಇಲ್ಲದಿದ್ದರೆ ಅನುಬಂಧ ಸಿ. ಪ್ರತಿಗಳ ಮೇಲೆ ಮಗುವಿನ ಪರವಾಗಿ ತಂದೆ ಅಥವಾ ತಾಯಿ ಸಹಿ ಹಾಕಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ 4.5 × 3.5 ಸೆಂ.ಮೀ. ಫೋಟೊ ನೀವೇ ಒಯ್ಯಬೇಕು. 2023ರ ಅಕ್ಟೋಬರ್ 1 ಅಥವಾ ನಂತರ ಹುಟ್ಟಿದವರ ವಿಷಯದಲ್ಲಿ 2025ರಲ್ಲಿ ನಿಯಮ ಬಿಗಿಯಾಗಿದೆ: ಹುಟ್ಟಿದ ದಿನಕ್ಕೆ ಜನನ ಪ್ರಮಾಣ ಪತ್ರವೊಂದೇ ಪುರಾವೆ. ಆಧಾರ್, ಶಾಲೆಯ ಕಾಗದ ಆಗುವುದಿಲ್ಲ.

ಆಕ್ಷೇಪ ಬಂದರೆ ಹೊಸ ಅರ್ಜಿ ಹಾಕಬೇಡಿ. ಒಂದೇ ಮಗುವಿನ ಹೆಸರಲ್ಲಿ ಎರಡು ಫೈಲು ತೆರೆದುಕೊಂಡರೆ ಎರಡೂ ನಿಲ್ಲುತ್ತವೆ. ಕೇಳಿದ ಕಾಗದವನ್ನು ಅದೇ ಫೈಲ್ ಸಂಖ್ಯೆ ಬರೆದು ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬಂದ ದಿನವೇ ಹುಟ್ಟಿದ ಊರು, ತಾರೀಖು, ತಂದೆ ತಾಯಿಯ ಹೆಸರು ತಾಳೆ ನೋಡಿ. ಅಚ್ಚಿನ ತಪ್ಪಿದ್ದರೆ ಕೂಡಲೇ ಪಾಸ್‌ಪೋರ್ಟ್ ಕಚೇರಿಗೆ ತಿಳಿಸಿ. ಮಕ್ಕಳ ಪಾಸ್‌ಪೋರ್ಟ್ ಅವಧಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. ಬೇರೆ ದೇಶದ ಪಾಸ್‌ಪೋರ್ಟ್ ಪಡೆಯದೆ 4ನೇ ಕಲಮಿನಡಿ ನೋಂದಣಿಯಾದ ಮಗುವಿಗೆ ಹುಟ್ಟಿನಿಂದ ಬಂದ ಆ ದೇಶದ ಪೌರತ್ವವೂ ಇದ್ದರೆ 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಟ್ಟುಕೊಡಬೇಕು. ಬಿಡದಿದ್ದರೆ 4(1ಎ) ಕಲಮಿನ ಪ್ರಕಾರ ಭಾರತದ ಪೌರತ್ವ ಹೋಗುತ್ತದೆ.